ಎಡಕ್ಕೆ ಹೊರಳುವ ಸುರುಳಿ

ಹೂಚಕ್ರದ ಬಿಳಿ ಪಟ್ಟಿಯನ್ನು ಅಲ್ಮೂಟ್ ಎರಡನೆಯ ಸಲ ಮಡಚಿ ಎಲೆಗಳೊಳಗೆ ತುರುಕಿದಳು. ಫೋಲ್ಕರ್ ಓಸ್ಟರ್‌ಲೋ ಎರಡನೆಯ ಸಲವೂ ಅದನ್ನು ಹೊರಗೆಳೆದು, ಚಿನ್ನದ ಬಣ್ಣದ ಸುರುಳಿ ಕಾಣುವಂತೆ ಹರವಿದರು. ಅವರ ಚಾಕೊಲೇಟ್ ಕಾರ್ಖಾನೆಯ ಗುರುತು ಅದು. ಡಬ್ಬಿಗಳ ಮೇಲೆ, ಲಾರಿಗಳ ಮೇಲೆ, ಊರ ಬಸ್ ನಿಲ್ದಾಣದ ಗಾಜಿನ ಮೇಲೆ ಇದ್ದದ್ದು ಈಗ ಅಲ್ಮೂಟಳ ತಾಯಿ ಹೆರ್ತಾಳ ಶವಪೆಟ್ಟಿಗೆಯ ಕಾಲ್ದೆಸೆಗೂ ಬಂದಿತ್ತು.

"ಪಾದ್ರಿಗಳ ಭಾಷಣದಲ್ಲಿ ನಾಲ್ಕು ಸಾಲು ಬರೆಸಿದ್ದೀರಂತೆ," ಎಂದರು ಫೋಲ್ಕರ್, ದನಿ ತಗ್ಗಿಸಿ.

"ಇದ್ದದ್ದನ್ನ ಬರೆಸಿದೀನಿ, ಯಜಮಾನ್ರೆ. ಈ ಸುರುಳಿ ನಮ್ಮಮ್ಮನ ಕೈಯದು."

"ಮುಂದಿನ ತಿಂಗಳು ಹೊಸ ಡಬ್ಬಿ ಬರ್ತಿದೆ. ನಮ್ಮಜ್ಜಿ ಮದುವೆ ದಿನ ಬಿಡಿಸಿದ ಗುರುತು ಅಂತ ಅಚ್ಚಾಗಿ ಹೋಗಿದೆ. ಪತ್ರಿಕೆಯವಳು ಹಿಂದಿನ ಬೆಂಚಲ್ಲೇ ಕೂತಿದ್ದಾಳೆ."

ಇಪ್ಪತ್ತೆರಡು ವರ್ಷದಿಂದ ಅಲ್ಮೂಟ್ ಕಾರ್ಖಾನೆಯ ಅಂಗಡಿಯಲ್ಲಿ ನಿಂತವಳು. ಅಜ್ಜಿಯ ಮದುವೆಯ ಕತೆಯನ್ನು ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಹೇಳಿದವಳೂ ಅವಳೇ. ಸಂಜೆ ಮನೆಗೆ ಹೋದರೆ ತಾಯಿ, "ಇವತ್ತು ಎಷ್ಟು ಸಲ ಮದುವೆ ಮಾಡಿಸಿದೆ?" ಎಂದು ಕೇಳುತ್ತಿದ್ದಳು.

"ಅಂಗಡೀಲಿ ನಿಮ್ಮಂಥವರು ನಮಗೆ ಇನ್ನೂ ಬೇಕು," ಎಂದರು ಫೋಲ್ಕರ್. "ಇವತ್ತು ಈ ವಿಷಯ ಯಾರ ಬಾಯಲ್ಲೂ ಬರಬಾರದು. ಮಾತು ಕೊಡಿ."

ಹೊರಗೆ ಚರ್ಚಿನ ಗಂಟೆ ಶುರುವಾಯಿತು. ಒಂದೊಂದು ಹೊಡೆತಕ್ಕೂ ಮುಂದಿನದಕ್ಕೂ ನಡುವೆ ಒಂದು ಉಸಿರಿನಷ್ಟು ಬಿಡುವು. ಆ ಬಿಡುವೊಂದರಲ್ಲಿ ಅಲ್ಮೂಟ್ ಮಾತು ಕೊಟ್ಟಳು. ತಾನೇ ಹೋಗಿ, ಆ ನಾಲ್ಕು ಸಾಲು ಹೊಡೆದುಹಾಕಿ ಎಂದು ಪಾದ್ರಿಗಳಿಗೆ ಹೇಳಿದಳು. ಪಾದ್ರಿ ಅವಳ ಮುಖ ನೋಡಿದರು, ಬಾಗಿಲಲ್ಲಿ ನಿಂತಿದ್ದ ಫೋಲ್ಕರರನ್ನೂ ನೋಡಿದರು. ಪೆನ್ನಿನ ಮುಚ್ಚಳ ತೆಗೆದರು.

*

ಹೆರ್ತಾ ಎಡಚಿ. ಶಾಲೆಯಲ್ಲಿ ಮೇಷ್ಟ್ರು ಅವಳ ಎಡಗೈಯನ್ನು ಬೆಂಚಿಗೆ ಕಟ್ಟಿ ಬಲಗೈಯಲ್ಲಿ ಬರೆಸಿದ್ದರು. ಹದಿನಾರಕ್ಕೆ ಕಾರ್ಖಾನೆಯ ಅದ್ದುವ ಕೋಣೆಗೆ ಸೇರಿದಾಗಲೂ ಬಲಗೈಯಲ್ಲೇ ಕೆಲಸ ಕಲಿತಳು. ಅಮೃತಶಿಲೆಯ ಹಲಗೆಯ ಮೇಲೆ ಬೆಚ್ಚಗಿನ ಚಾಕೊಲೇಟು. ಅದರಲ್ಲಿ ಒಂದೊಂದೇ ಮಿಠಾಯಿಯನ್ನು ಹೊರಳಿಸಿ ತಟ್ಟೆಗಿಡಬೇಕು. ಇಟ್ಟಾದ ಮೇಲೆ, ಯಾರೂ ನೋಡದಾಗ, ಅವಳ ಎಡಬೆರಳು ಅದರ ಮೇಲೆ ತೆಳ್ಳನೆಯ ಎಳೆಯೊಂದನ್ನು ಸುತ್ತಿಬಿಡುತ್ತಿತ್ತು. ಸುರುಳಿ ಎಡಕ್ಕೆ ಹೊರಳುತ್ತಿತ್ತು.

ಒಂದು ಬೆಳಿಗ್ಗೆ ಹಿರಿಯೊಡತಿ, ಎಂದರೆ ಫೋಲ್ಕರರ ಅಜ್ಜಿ, ಅವಳ ತಟ್ಟೆಯ ಮುಂದೆ ನಿಂತು ಒಂದು ಮಿಠಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಇದು ಯಾರ ಕೆಲಸ ಎಂದು ಕೇಳಿದರು. ಹೆರ್ತಾ ಎಡಗೈಯನ್ನು ಬೆನ್ನ ಹಿಂದೆ ಅಡಗಿಸಿದಳು. ಒಡತಿ ಗದರಲಿಲ್ಲ. ನಾಳೆಯಿಂದ ಎಲ್ಲರೂ ಹೀಗೇ ಮಾಡಬೇಕು ಎಂದಷ್ಟೇ ಹೇಳಿ ಹೋದರು.

ಬಲಗೈಯಲ್ಲಿ ಯಾರಿಗೂ ಬರಲಿಲ್ಲ. ಎಳೆ ಬಲಕ್ಕೇ ಓಡುತ್ತಿತ್ತು, ಇಲ್ಲವೇ ಕಡಿಯುತ್ತಿತ್ತು. ಒಂದು ವಾರ ಹೆರ್ತಾ ಒಬ್ಬೊಬ್ಬರ ಹಿಂದೆ ನಿಂತು, ಅವರ ಎಡಗೈ ಹಿಡಿದು ತಿರುಗಿಸಿದಳು. ಪಕ್ಕದ ಮೇಜಿನ ರೋಸ್ವಿತಾ ಗೊಣಗಿದ್ದಳು: "ಮೇಷ್ಟ್ರ ಮೇಲಿನ ಸೇಡನ್ನ ನಮ್ಮ ಮೇಲೆ ತೀರಿಸ್ಕೊತಿದ್ದೀಯ ಕಣೆ."

ಕೆಲವೇ ವರ್ಷಗಳಲ್ಲಿ ಸುರುಳಿ ಡಬ್ಬಿಯ ಮೇಲೇರಿತು, ಒಡತಿಯ ಹೆಸರಿನಲ್ಲಿ. ಹೆರ್ತಾ ತಕರಾರು ಮಾಡಲಿಲ್ಲ. ಆದರೆ ಕೊನೆಯ ವಾರ, ಆಸ್ಪತ್ರೆಯ ಹೊದಿಕೆಯ ಮೇಲೆ ಅವಳ ಎಡಬೆರಳು ಸುತ್ತುತ್ತಲೇ ಇತ್ತು. "ಅದು ನಂದು ಅಂತ ಒಂದೇ ಒಂದ್ಸಲ ನಾಲ್ಕು ಜನರ ಮುಂದೆ ಗೊತ್ತಾಗಿದ್ರೆ ಸಾಕಿತ್ತು," ಎಂದಿದ್ದಳು ಮಗಳಿಗೆ.

*

ಪಾದ್ರಿ ಬೈಬಲಿನ ಕೀರ್ತನೆಯೊಂದನ್ನು ಓದಿದರು. ಹೆರ್ತಾ ಮೂವತ್ತೆಂಟು ವರ್ಷ ಶ್ರದ್ಧೆಯಿಂದ ದುಡಿದವಳು ಎಂದರು. ಆಮೇಲೆ ಹಾಳೆಯನ್ನು ಮಡಚಿಟ್ಟರು.

ಎರಡನೆಯ ಸಾಲಿನಲ್ಲಿ ಅದ್ದುವ ಕೋಣೆಯ ಐವರು ಮುದುಕಿಯರು ಕುಳಿತಿದ್ದರು. ಅವರಲ್ಲಿ ಹಿರಿಯಳಾದ ರೋಸ್ವಿತಾ ಮುಂದಿನ ಸಾಲಿನಲ್ಲಿದ್ದ ಅಲ್ಮೂಟಳ ಕಡೆ ಬಾಗಿದಳು.

"ಅಷ್ಟೇನಾ?"

"ಹೇಳಲ್ಲ ಅಂತ ಮಾತು ಕೊಟ್ಟೆ, ಚಿಕ್ಕಮ್ಮ. ಇಲ್ಲದಿದ್ರೆ ಕೆಲಸ ಹೋಗುತ್ತೆ."

ರೋಸ್ವಿತಾ ಅವಳ ಕಿವಿಯ ಹತ್ತಿರಕ್ಕೆ ಇನ್ನಷ್ಟು ಬಾಗಿದಳು.

"ಹೇಳ್ಬೇಡ ಬಿಡು," ಎಂದಳು. "ಗುಂಡಿ ಹತ್ರ ಕೈಗವಸು ತೆಗಿ. ಎಡಗೈದು."

ಸ್ಮಶಾನದಲ್ಲಿ ನೆಕ್ಕರ್ ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಪೆಟ್ಟಿಗೆ ಇಳಿಯಿತು. ಗುಂಡಿಯ ಅಂಚಿನಲ್ಲಿ ಮಣ್ಣು ತುಂಬಿದ ಬೋಗುಣಿ, ಅದರಲ್ಲಿ ಒಬ್ಬೊಬ್ಬರೂ ಹಿಡಿಮಣ್ಣು ಹಾಕಲು ಪುಟ್ಟ ಸಲಿಕೆ. ಅಲ್ಮೂಟ್ ಸಲಿಕೆಯನ್ನು ಪಕ್ಕಕ್ಕಿಟ್ಟಳು. ಫೋಲ್ಕರ್ ಎದುರಿಗೇ ನಿಂತಿದ್ದರು. ಅವರ ಕಣ್ಣು ಅವಳ ತುಟಿಯ ಮೇಲಿತ್ತು. ಅವಳ ತುಟಿ ಅಲುಗಲಿಲ್ಲ. ಬರಿಗೈಯಿಂದ, ಎಡಗೈಯಿಂದ, ಮಣ್ಣು ತೆಗೆದಳು. ಗುಂಡಿಯ ಮೇಲೆ ಕೈಚಾಚಿ, ಬೆರಳು ಸಡಿಲಿಸಿ, ಎಡಕ್ಕೆ ಒಂದು ಸುತ್ತು ತಿರುಗಿಸಿದಳು. ತಿಳಿಬಣ್ಣದ ಮರದ ಮೇಲೆ ಮಣ್ಣು ಎಳೆಯಾಗಿ ಬಿತ್ತು.

ರೋಸ್ವಿತಾ ಊರುಗೋಲನ್ನು ಬಲಗೈಗೆ ಬದಲಿಸಿಕೊಂಡಳು. ಅವಳದೂ ಎಡಗೈ, ಎಡಕ್ಕೇ ಸುತ್ತು. ಅವಳ ಹಿಂದೆ ಇನ್ನೊಬ್ಬಳು. ಮತ್ತೊಬ್ಬಳು. ಐದನೆಯವಳಿಗೂ ಸುತ್ತು ತಪ್ಪಲಿಲ್ಲ. ಪತ್ರಿಕೆಯವಳು ಆ ಕೈಗಳನ್ನು ನೋಡಿದಳು, ಆಮೇಲೆ ಹೂಚಕ್ರದ ಪಟ್ಟಿಯನ್ನು ನೋಡಿದಳು, ಮತ್ತೆ ಕೈಗಳನ್ನು.

ಫೋಲ್ಕರರ ಸರದಿ ಬಂತು. ಅವರು ಸಲಿಕೆಯನ್ನು ಬಲಗೈಯಲ್ಲಿ ಎತ್ತಿಕೊಂಡು ಮಣ್ಣು ತುಂಬಿದರು. ಗುಂಡಿಯ ಆಚೆ ಆರು ಹೆಂಗಸರು ಮಣ್ಣಾದ ಎಡಗೈಗಳನ್ನು ಒರೆಸಿಕೊಳ್ಳದೆ ನಿಂತಿದ್ದರು. ಹಿಂದಿನವರು ಕಾಯುತ್ತಿದ್ದರು. ಕೊನೆಗೆ ಫೋಲ್ಕರ್ ಸಲಿಕೆಯನ್ನು ಎಡಗೈಗೆ ದಾಟಿಸಿದರು. ಅದು ವಾಲಿತು, ಮಣ್ಣೆಲ್ಲ ಅವರ ಬೂಟಿನ ಮೇಲೆ ಬಿತ್ತು.