ತೇರ್ಸಿನ ಹೊತ್ತಿನ ತಲೆನೋವು

ಕತಾರಿನಲ್ಲಿ ಚಳಿಯೇ ಇಲ್ಲ ಎನ್ನುವವರು ಜನವರಿಯಲ್ಲಿ ಒಮ್ಮೆ ದುಖಾನಿಗೆ ಬರಬೇಕು. ಗಾಳಿ ಎದ್ದರೆ ಅಂಗಳದ ಬಟ್ಟೆ ಸ್ಟ್ಯಾಂಡ್ ಪಕ್ಕದ ಮನೆಗೆ ಹೋಗಿ ಬೀಳುತ್ತದೆ. ಮುಚ್ಚಿದ ಕಿಟಕಿಯ ಸಂದಿಯಿಂದಲೂ ಮರಳು ನುಗ್ಗಿ ಹಾಸಿಗೆ, ಅನ್ನದ ತಟ್ಟೆ, ಬಾಯಿ ಎಲ್ಲ ಕರಕರ ಎನ್ನುತ್ತದೆ. ಕರಾವಳಿಯ ಶಿರ್ವದಿಂದ ಮಗನ ಮನೆಗೆ ಬಂದ ತೆರೆಜಾಬಾಯಿ ಎರಡು ಸ್ವೆಟರ್ ಹಾಕಿಕೊಂಡು, "ಇದನ್ನು ಮರುಭೂಮಿ ಅಂತ ಯಾರು ಹೇಳಿದ್ದು?" ಎಂದು ಕೇಳುತ್ತಿದ್ದರು.

ಮಗ ಲಿಯೋ ಒಂದು ಕಾಂಟ್ರಾಕ್ಟ್ ಕಂಪನಿಯ ಸೇಫ್ಟಿ ವಿಭಾಗದಲ್ಲಿದ್ದ. ಬೆಳಿಗ್ಗೆ ಕೆಲಸದವರನ್ನು ಸಾಲಾಗಿ ನಿಲ್ಲಿಸಿ ಗ್ಯಾಸಿನ ಅಪಾಯದ ಬಗ್ಗೆ ಭಾಷಣ ಮಾಡುವುದು ಅವನ ಕೆಲಸ. ಸಂಜೆ ಮನೆಗೆ ಬಂದು ಅವನು ಮಾಡಿದ್ದು ಮಾತ್ರ ಬೇರೆ. ಮರಳು ಬರಬಾರದೆಂದು ಕಿಟಕಿಗಳ ಅಂಚಿಗೆಲ್ಲ ಟೇಪ್ ಅಂಟಿಸಿದ. ಬಾಗಿಲ ಬುಡಕ್ಕೆ ಟವೆಲ್ ತುರುಕಿದ. ಗೋಡೆಯಲ್ಲಿ ಗಾಳಿಗೆಂದೇ ಬಿಟ್ಟಿದ್ದ ಕಿಂಡಿಗೂ ಹಳೆಯ ಬನಿಯನ್ ತುಂಬಿದ. ಆಮೇಲೆ ಹಿಂದಿನ ಬಾಡಿಗೆದಾರ ಬಿಟ್ಟುಹೋಗಿದ್ದ ಗ್ಯಾಸ್ ಹೀಟರ್ ಹಚ್ಚಿದ. ಹಾಲಿನ ಗೋಡೆಗೆ ಕೂರಿಸಿದ ಹೀಟರ್ ಅದು, ಹೊಗೆ ಹೋಗಲು ತಾರಸಿಯವರೆಗೆ ಚಿಮಣಿ. ಆ ಚಿಮಣಿಯೊಳಗೆ ಏನಿದೆ, ಮೇಲೆ ಏನಿದೆ ಎಂದು ನೋಡಿದವರು ಆ ಮನೆಯಲ್ಲಿ ಯಾರೂ ಇಲ್ಲ.

ಹೀಟರಿನ ಮೇಲಿನ ಕಲ್ಲಿನ ಹಲಗೆ ತೆರೆಜಾಬಾಯಿಗೆ ಬಹಳ ಹಿಡಿಸಿತು. ಮಾತೆ ಮರಿಯಮ್ಮನ ಪ್ರತಿಮೆ ಅಲ್ಲಿಗೆ ಬಂತು, ಎರಡು ಮೊಂಬತ್ತಿ ಬಂದವು, ಅದೇ ಮನೆಯ ಆಲ್ತಾರ್ ಆಯಿತು. ದಿನಾ ಸಂಜೆ ಅದರ ಮುಂದೆ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ. ಅಜ್ಜಿ ಹೇಳಿಕೊಡಬೇಕು, ಮೂರನೇ ಕ್ಲಾಸಿನ ಮೊಮ್ಮಗಳು ಮೈರಾ ಉತ್ತರಿಸಬೇಕು.

ನಾಲ್ಕೇ ದಿನಕ್ಕೆ ಮೈರಾ ರಾಗ ತೆಗೆದಳು. "ಗ್ರ್ಯಾನಿ, ತೇರ್ಸ್ ಟೈಮಲ್ಲಿ ನಂಗೆ ತಲೆ ಪೇನ್ ಆಗ್ತದೆ."

"ಟೀವಿ ನೋಡುವಾಗ ಆಗುದಿಲ್ವಾ?" ಎಂದರು ಅಜ್ಜಿ.

"ಆಗ ನನ್ನ ರೂಮಲ್ಲಿ ಇರ್ತೇನೆ."

"ಕಳ್ಳಾಟ! ಬಾ, ಇಲ್ಲೇ ಮುಂದೆ ಕೂತ್ಕೋ."

ಮೈರಾಳ ಅಮ್ಮ ಐವಿ ಶಾಲೆಯ ಆಫೀಸಿನಲ್ಲಿ ದುಡಿದು ಬಂದು ಸುಸ್ತಾಗಿರುತ್ತಿದ್ದಳು. ಅವಳ ತಲೆಯೂ ಸಿಡಿಯುತ್ತಿತ್ತು. ಧೂಳು ಎಂದುಕೊಂಡಳು. ಮಗಳ ಭುಜ ಹಿಡಿದು ಹೀಟರಿನ ಎದುರೇ ಕೂರಿಸಿದವಳೂ ಅವಳೇ. ಶುಕ್ರವಾರ ದೋಹಾದ ಚರ್ಚಿಗೆ ಹೊರಟರೆ ದಾರಿಯಲ್ಲೇ ಎಲ್ಲರ ತಲೆನೋವೂ ಇಳಿಯುತ್ತಿತ್ತು. ಅದನ್ನು ತೆರೆಜಾಬಾಯಿ ದೇವರ ಕೃಪೆಯ ಲೆಕ್ಕಕ್ಕೆ ಬರೆದುಕೊಂಡರು. ಮನೆಗೆ ಮರಳಿ ಹೀಟರ್ ಹಚ್ಚಿದರೆ ಮತ್ತೆ ಶುರು. ಅದು ಯಾರ ಲೆಕ್ಕ ಎಂದು ಒಬ್ಬರೂ ಕೇಳಲಿಲ್ಲ.

ಒಂದು ಸಂಜೆ ಪಕ್ಕದ ಮನೆಯ ಅಮೂಲ್ಯಾ ಡಬ್ಬಿ ವಾಪಸು ಕೊಡಲು ಬಂದಳು. ಮೈಸೂರಿನವಳು, ಕ್ಲಿನಿಕ್ಕಿನಲ್ಲಿ ನರ್ಸ್. ಒಳಗೆ ಕಾಲಿಟ್ಟವಳೇ ಮೂಗು ಮೇಲೆತ್ತಿ ಸುತ್ತ ನೋಡಿದಳು.

"ಐವಿ, ಹೀಟರ್ ಮೇಲೆ ಗೋಡೆ ಯಾಕೆ ಇಷ್ಟು ಕಪ್ಪಾಗಿದೆ?"

"ಮೊಂಬತ್ತಿದು ಇರ್ಬೇಕು."

"ಮೊಂಬತ್ತಿ ಆ ತುದೀಲಿದೆ ಕಣ್ರೀ, ಕಪ್ಪು ಈ ತುದೀಲಿದೆ. ಉರಿ ನೋಡಿ, ನೀಲಿ ಇರ್ಬೇಕಾದ್ದು ಹಳದಿಯಾಗಿ ಓಲಾಡ್ತಿದೆ. ಕಿಟಕಿ ಗಾಜೆಲ್ಲ ಬೆವರ್ತಿದೆ. ತಲೆನೋವು, ವಾಂತಿ ಬರೋ ಹಾಗೆ ಆಗೋದು ಏನಾದ್ರೂ ಇದ್ಯಾ?"

"ನಂಗೆ ಉಂಟು ಆಂಟಿ," ಎಂದಳು ಮೈರಾ. "ಸ್ಕೂಲಲ್ಲಿ ಇಲ್ಲ. ಪ್ರೇಯರ್ ಟೈಮ್ ಓನ್ಲಿ."

ತೆರೆಜಾಬಾಯಿ ನಕ್ಕರು. "ಕೇಳಿದ್ರಲ್ಲ? ಅವಳ ಬಾಯಿಂದಲೇ ಬಂತು."

ಅಮೂಲ್ಯಾ ನಗಲಿಲ್ಲ. ಅಷ್ಟರಲ್ಲಿ ಲಿಯೋ ಬಂದ. ಅವಳು ಅವನಿಗೂ ಹೇಳಿದಳು.

"ಗ್ಯಾಸ್ ಲೀಕ್ ಆದ್ರೆ ವಾಸನೆ ಬರ್ತದೆ ಮಾರಾಯ್ರೇ," ಎಂದ ಲಿಯೋ. "ನಾನು ದಿನಾ ಕಲಿಸುವುದೇ ಇದನ್ನು."

"ಲೀಕ್ ಆಗೋ ಗ್ಯಾಸಿಗೆ ವಾಸನೆ ಬೆರೆಸಿರ್ತಾರೆ ಲಿಯೋ ಅವ್ರೇ. ಸರಿಯಾಗಿ ಉರೀದೆ ಇದ್ದಾಗ ಹುಟ್ಟೋ ಕಾರ್ಬನ್ ಮಾನಾಕ್ಸೈಡಿಗೆ ವಾಸನೆನೂ ಇಲ್ಲ, ಬಣ್ಣನೂ ಇಲ್ಲ."

"ಚಿಮಣಿ ಮತ್ತೆ ಎಂತಕ್ಕೆ ಉಂಟು?"

"ನಮ್ಮ ತಾರಸಿಯಿಂದ ಕಾಣುತ್ತೆ, ನಿಮ್ಮ ತಾರಸೀಲಿ ನೀರಿನ ಟ್ಯಾಂಕಿನ ಗೋಡೆ ಚಿಮಣಿಗಿಂತ ಎತ್ತರ ಇದೆ. ಗಾಳಿ ಅದಕ್ಕೆ ಬಡಿದು ಚಿಮಣಿಯೊಳಗೆ ಇಳಿಯುತ್ತೆ, ಮೇಲೆ ಹೋಗ್ಬೇಕಾದ ಹೊಗೇನ ವಾಪಸ್ ಮನೆಗೇ ದಬ್ಬುತ್ತೆ. ಸಾಲದ್ದಕ್ಕೆ ಅಡುಗೆಮನೆ ಎಕ್ಸಾಸ್ಟ್ ಫ್ಯಾನು ಗಾಳೀನ ಹೊರಗೆ ಎಳೀತಿದೆ. ಕಿಟಕಿಗೆ ಟೇಪು, ಕಿಂಡಿಗೆ ಬಟ್ಟೆ. ಬದಲಿ ಗಾಳಿ ಎಲ್ಲಿಂದ ಬರ್ಬೇಕು? ಚಿಮಣಿಯಿಂದಾನೇ."

ಲಿಯೋವಿನ ಮುಖ ಸಣ್ಣದಾಯಿತು. ತನಗೇ ಗ್ಯಾಸಿನ ಪಾಠ! "ಮುಂದಿನ ವಾರ ಟೆಕ್ನಿಷಿಯನ್‌ನನ್ನು ಕರೆಸ್ತೇನೆ. ಖಲಾಸ್."

"ಅಲ್ಲೀವರ್ಗೂ ಹಚ್ಬೇಡಿ."

"ಆಯ್ತು, ಆಯ್ತು."

ಆ 'ಆಯ್ತು' ಒಂದು ರಾತ್ರಿ ಬಾಳಿತು. ಮರುದಿನ ಗಾಳಿ ಇನ್ನೂ ಜೋರಾಯಿತು. ತೆರೆಜಾಬಾಯಿ ಶಾಲು ಹೊದ್ದು ನಡುಗುತ್ತಿದ್ದರು. ಅತ್ತೆಯನ್ನು ಮಾಂಯ್ ಎನ್ನುವ ಐವಿ ಆಫೀಸಿನಲ್ಲಿದ್ದ ಗಂಡನಿಗೆ ಫೋನ್ ಮಾಡಿದಳು. "ಮಾಂಯ್‌ಗೆ ಚಳಿ ತಡಿಯುದಿಲ್ಲ. ಎಂತ ಮಾಡ್ಲಿ?"

"ಹಚ್ಚು ಮಾರಾಯ್ತಿ. ಇಷ್ಟು ದಿನ ಎಂತ ಆಗಿದೆ?"

ಐವಿ ಹಚ್ಚಿದಳು. ತೇರ್ಸ್ ಶುರುವಾಯಿತು. ಅಡುಗೆಮನೆಗೂ ಹಾಲಿಗೂ ನಡುವೆ ಬಾಗಿಲಿರಲಿಲ್ಲ, ಬರೀ ಒಂದು ಪರದೆ. ಬಂಗುಡೆ ಮೀನು ಹುರಿಯುವ ವಾಸನೆ ಮರಿಯಮ್ಮನ ಮುಂದೆ ಹೋಗಬಾರದೆಂದು ಅವಳು ಪರದೆ ಎಳೆದು ಎಕ್ಸಾಸ್ಟ್ ಫ್ಯಾನು ಜೋರಾಗಿ ಹಾಕಿದಳು. ಹಾಲಿನಿಂದ ಅತ್ತೆಯ ದನಿ, ಅದಕ್ಕೆ ಮಗಳ ಉತ್ತರ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮಗಳ ದನಿ ನಿಂತಿತು.

"ಮೈರಾ! ಗ್ರ್ಯಾನಿ ಒಬ್ರೇ ಹೇಳುದಾ? ಉತ್ತರ ಕೊಡು!" ಎಂದು ಐವಿ ಅಲ್ಲಿಂದಲೇ ಗದರಿದಳು.

ಉತ್ತರ ಬರಲಿಲ್ಲ. ತೆರೆಜಾಬಾಯಿ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳತೊಡಗಿದರು. ಅವರ ದನಿಯೂ ತೊದಲಿ ನಿಂತಿತು. ಅಂತೂ ಮುಗಿಯಿತು ಎಂದು ಐವಿಗೆ ಸಮಾಧಾನವಾಯಿತು. ಆ ಸಮಾಧಾನಕ್ಕೆ ಅವಳು ಸಾಯುವವರೆಗೂ ತನ್ನನ್ನು ಕ್ಷಮಿಸಿಕೊಳ್ಳಲಾರಳು.

ಪರದೆ ಸರಿಸಿದರೆ ಮೈರಾ ನೆಲದ ಮೇಲೆ ವಾಂತಿಯಲ್ಲಿ ಬಿದ್ದಿದ್ದಳು. ಅತ್ತೆ ಕುರ್ಚಿಯಲ್ಲಿ ಒರಗಿದ್ದರು, ಬಾಯಿ ಅರ್ಧ ತೆರೆದಿತ್ತು. ಐವಿ ಮಗಳನ್ನು ಎತ್ತಿಕೊಂಡು ಅಂಗಳಕ್ಕೆ ಓಡಿ ಅಮೂಲ್ಯಾಳ ಹೆಸರು ಹಿಡಿದು ಕಿರುಚಿದಳು. ಅತ್ತೆಯನ್ನು ತರಲು ತಿರುಗಿದರೆ ಅವಳ ಕಾಲುಗಳೇ ಮಡಚಿಕೊಂಡವು. ಅಮೂಲ್ಯಾಳ ಗಂಡ ಗಿರಿಧರ್ ಓಡಿಬಂದು ಬಾಗಿಲು ಹಾರುಹೊಡೆದು, ಉಸಿರು ಬಿಗಿಹಿಡಿದು ಒಳಗೆ ನುಗ್ಗಿ ಮುದುಕಿಯನ್ನು ಹೊರಗೆ ಎಳೆದು ತಂದ. ಅಮೂಲ್ಯಾ ಆಗಲೇ ಆಂಬುಲೆನ್ಸಿಗೆ ಫೋನ್ ಮಾಡಿದ್ದಳು. ಮಗು ಮೊದಲು ಹೊರಗೆ ಬಂತು. ಅಜ್ಜಿ ಆಮೇಲೆ ಬಂದರು. ಆ ನಡುವಿನ ಹೊತ್ತಿನ ವಿಷವೆಲ್ಲ ಅವರೊಳಗೆ ಹೋಯಿತು.

ಮೈರಾ ಚೇತರಿಸಿಕೊಂಡಳು. ತೆರೆಜಾಬಾಯಿ ಬದುಕಿದರು, ಅಷ್ಟೆ. ಆ ವಿಷಗಾಳಿ ಕೆಲವರಲ್ಲಿ ಮಿದುಳಿಗೆ ಪೆಟ್ಟು ಕೊಟ್ಟು ಹೋಗುತ್ತದೆ ಎಂದರು ಡಾಕ್ಟರು.

ಈಗ ಲಿಯೋವಿನ ಮನೆಯಲ್ಲಿ ಎಲ್ಲವೂ ಸರಿಯಾಗಿದೆ. ಟೆಕ್ನಿಷಿಯನ್ ಬಂದು ಚಿಮಣಿಯನ್ನು ಟ್ಯಾಂಕಿನ ಗೋಡೆಗಿಂತ ಎತ್ತರಿಸಿ, ಗಾಳಿ ಒಳಗಿಳಿಯದಂತೆ ತುದಿಗೆ ಟೊಪ್ಪಿ ಕೂರಿಸಿದ್ದಾನೆ. ಕಿಂಡಿಯ ಬನಿಯನ್ ಹೊರಗೆ ಬಂದಿದೆ. ಗೋಡೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆ. ಲಿಯೋ ಪರಿಚಯದವರ ಮನೆಮನೆಗೆ ಹೋಗಿ ಚಿಮಣಿ ನೋಡಿ ಬರುತ್ತಾನೆ. ಅಮೂಲ್ಯಾ ಎದುರು ಬಂದರೆ ತಲೆ ತಗ್ಗಿಸುತ್ತಾನೆ.

ತೇರ್ಸ್ ಕೂಡ ನಡೆಯುತ್ತದೆ, ಬೇರೆ ಕೋಣೆಯಲ್ಲಿ. ಹುಟ್ಟಿದಾಗಿನಿಂದ ಹೇಳಿದ ಪ್ರಾರ್ಥನೆ ತೆರೆಜಾಬಾಯಿಗೆ ಅರ್ಧಕ್ಕೆ ಮರೆತುಹೋಗುತ್ತದೆ. ಮೈರಾ ಮೆಲ್ಲಗೆ ಮುಂದಿನ ಮಾತು ಹೇಳಿಕೊಡುತ್ತಾಳೆ. ಆ ಸಂಜೆಯ ನೆನಪು ಅಜ್ಜಿಗೆ ಚೂರೂ ಇಲ್ಲ. ಮೊಮ್ಮಗಳು ಸ್ವಲ್ಪ ಮಿಸುಕಿದರೆ ಸಾಕು, "ಕಳ್ಳಾಟ! ಮುಂದೆ ಬಂದು ಕೂತ್ಕೋ," ಎನ್ನುತ್ತಾರೆ. ಅದೊಂದು ಮಾತು ಮಾತ್ರ ಅವರಿಗೆ ಮರೆತಿಲ್ಲ. ಮೈರಾ ಮುಂದೆ ಹೋಗಿ ಕೂರುತ್ತಾಳೆ. ಐವಿ ಎದ್ದು ಅಡುಗೆಮನೆಗೆ ಹೋಗುತ್ತಾಳೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಗ್ಯಾಸ್ ಹೀಟರ್ ಮತ್ತು ಅದರ ಚಿಮಣಿಯನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ. ಮರಳು ಬಂದರೆ ಗುಡಿಸಬಹುದು, ಗಾಳಿಯ ಕಿಂಡಿ ಮುಚ್ಚಬೇಡಿ. ಹೀಟರ್ ಉರಿಯುವಾಗ ಎಕ್ಸಾಸ್ಟ್ ಫ್ಯಾನು ಬೇಡ. ಉರಿ ಹಳದಿಯಾದರೆ, ಗೋಡೆ ಕಪ್ಪಾದರೆ, ಹೊರಗೆ ಹೋದಾಗ ಇಳಿಯುವ ತಲೆನೋವು ಮನೆಗೆ ಬಂದಾಗ ಏರಿದರೆ, ಇನ್ನೊಂದು ದಿನ ನೋಡೋಣ ಎನ್ನಬೇಡಿ. ಅಲಾರಂ ಹಾಕಿಸಿ. ಯಾರಾದರೂ ಕುಸಿದರೆ ಎಲ್ಲರೂ ಬಯಲಿಗೆ ಬನ್ನಿ, ಅಲ್ಲಿಂದ ಕತಾರಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ.

ಮತ್ತೆ, ಮಗು ತಲೆನೋವು ಎಂದರೆ ಮೊದಲು ಉರಿ ಆರಿಸಿ, ಮಗುವನ್ನು ಹೊರಗೆ ಕರೆದುಕೊಂಡು ಹೋಗಿ. ಬೈಯುವುದಿದ್ದರೆ ಆಮೇಲೆ ಬೈಯಬಹುದು.