ಕರ್ಚೀಫಿನಲ್ಲಿ ಸುತ್ತಿಟ್ಟ ಮೌತ್‌ಪೀಸ್

"ಎಮಿ, ಕೊಡು," ಎಂದು ಡೆನ್ಜಿಲ್ ಕೈ ಚಾಚಿದ.

ಹಬ್ಬದ ಮುನ್ನಾದಿನ, ಸಂತರ ಮೂರ್ತಿಯ ಪಲ್ಲಕ್ಕಿ ಮೆರವಣಿಗೆಗೆಂದು ಇಗರ್ಜಿಯ ಬಾಗಿಲು ದಾಟುವ ಹೊತ್ತಿಗೆ ಅವನು ಪ್ರತಿವರ್ಷ ಹೀಗೆಯೇ ಕೈ ಚಾಚುತ್ತಿದ್ದ. ಬ್ಯಾಂಡಿನ ದೊಡ್ಡ ಕಹಳೆ ಟ್ಯೂಬಾದ, ತುಟಿಗಿಡುವ ಮೌತ್‌ಪೀಸನ್ನು ವಾದ್ಯದಲ್ಲೇ ಬಿಟ್ಟರೆ ಬೆಂಚುಗಳ ನಡುವೆ ಬಿದ್ದು ಅಂಚು ನೆಗ್ಗುತ್ತದೆಂದು ಮದುವೆಯಾದ ವರ್ಷ ಅವನೇ ಅದನ್ನು ಎಮಿಲಿಯಾಳ ಕೈಗೆ ಒಪ್ಪಿಸಿದ್ದ. ಪೂಜೆಯುದ್ದಕ್ಕೂ ಅವಳು ಅದನ್ನು ಕರ್ಚೀಫಿನಲ್ಲಿ ಸುತ್ತಿ, ಬ್ಯಾಗಿನೊಳಗೆ ಕೈಯಿಟ್ಟು ಅಂಗೈಯಲ್ಲಿ ಹಿಡಿದಿರುತ್ತಿದ್ದಳು. ತಣ್ಣಗಿನ ಲೋಹಕ್ಕೆ ತುಟಿ ಒಗ್ಗುವುದಿಲ್ಲ ಎನ್ನುತ್ತಿದ್ದ ಅವನು. ಡೆನ್ಜಿಲ್‌ನ ಬಾಯಿ ಹೆಂಡತಿಯ ಬ್ಯಾಗಿನಲ್ಲಿ ಉಂಟು ಎಂದು ಬ್ಯಾಂಡಿನ ಮಾಸ್ಟರ್ ಮೆರ್ವಿನ್ ತಮಾಷೆ ಮಾಡುತ್ತಿದ್ದ. ಆ ತಮಾಷೆ ಅವಳಿಗೆ ಇಷ್ಟವಾಗಿತ್ತು.

ಈ ಸಲ ಟ್ಯೂಬಾ ನೀತಾಳ ಹೆಗಲಲ್ಲಿತ್ತು.

ಹರ್ನಿಯಾದ ಆಪರೇಷನ್ ಆದಮೇಲೆ ಊದಲೇಬಾರದೆಂದು ಡಾಕ್ಟರು ಡೆನ್ಜಿಲ್‌ಗೆ ಹೇಳಿದ್ದರು. ಬ್ಯಾಂಡಿನಲ್ಲಿ ಬೇರೆ ಯಾರೂ ಆ ಭಾರ ಹೊರಲು ಒಪ್ಪದಿದ್ದಾಗ ಶಾಲೆಯ ಟೀಚರ್ ನೀತಾ ತಾನಾಗಿ ಮುಂದೆ ಬಂದಿದ್ದಳು. ಸಂಜೆ ಸಂಜೆ ಪೈವಳಿಕೆಯಲ್ಲಿನ ಡೆನ್ಜಿಲ್‌ನ ಮನೆಯ ಜಗಲಿಯಲ್ಲಿ ಪಾಠ. ಎಮಿಲಿಯಾ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ನೋಡಬಾರದ್ದು ಏನೂ ನಡೆಯುತ್ತಿರಲಿಲ್ಲ. ಜಗಳಕ್ಕೊಂದು ಕಾರಣವೂ ಸಿಗುತ್ತಿರಲಿಲ್ಲ. ಉಸಿರು ಹೊಟ್ಟೆಯಿಂದ ಬರಲಿ, ಅವಸರ ಬೇಡ ಎನ್ನುವಾಗ ಅವನ ದನಿಯಲ್ಲಿದ್ದ ತಾಳ್ಮೆ ಮಾತ್ರ ಅವಳಿಗೆ ಹೊಸದು. ಹೊಸ ಮದುವೆಯಲ್ಲಿ ತಾನೂ ಒಮ್ಮೆ ಊದುತ್ತೇನೆಂದಾಗ, ನಿನಗೆ ಅಷ್ಟು ಉಸಿರು ಎಲ್ಲುಂಟು ಎಂದು ನಕ್ಕು ಕಸಿದುಕೊಂಡಿದ್ದ. ಪಾಠ ಮುಗಿದ ಮೇಲೆ ಅವಳು ಮೌತ್‌ಪೀಸನ್ನು ಕುದಿಯುವ ನೀರಿನಲ್ಲಿ ಎರಡೆರಡು ಸಲ ತೊಳೆಯುತ್ತಿದ್ದಳು.

ಈಗ ಅವಳು ಬ್ಯಾಗಿನೊಳಗೆ ಕೈಯಿಟ್ಟಳು. ಕರ್ಚೀಫು ಬಿಚ್ಚಿಕೊಂಡಿತು. ಮೌತ್‌ಪೀಸ್ ಬೆರಳಿಗೆ ತಾಗಿತು. ಬ್ಯಾಗಿನೊಳಗೇ ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

"ಮನೆಯಲ್ಲೇ ಬಾಕಿ ಆಯ್ತು ಕಾಣ್ತದೆ," ಎಂದಳು.

"ನೀನು ಮರೆತದ್ದಾ?" ಡೆನ್ಜಿಲ್ ನಂಬಲಾರದೆ ಅವಳನ್ನೇ ನೋಡಿದ.

ಮೆರ್ವಿನ್ ಗಡಿಯಾರ ನೋಡಿಕೊಂಡ. "ಬಿಡು ಮಾರಾಯ. ಟ್ಯೂಬಾ ಇಲ್ಲದ್ದು ಯಾರಿಗೆ ಗೊತ್ತಾಗ್ತದೆ? ಹೊರಡುವ."

ಅದು ನಿಜವೆಂದೇ ಎಮಿಲಿಯಾ ನಂಬಿದ್ದಳು. ಇಷ್ಟು ಟ್ರಂಪೆಟ್‌ಗಳ ನಡುವೆ ನಿಮ್ಮದು ಎಲ್ಲಿ ಕೇಳುತ್ತದೆ ಎಂದು ಅವನನ್ನು ಎಷ್ಟು ಸಲ ಕೆಣಕಿರಲಿಲ್ಲ. ಕೀರ್ತನೆ ಶುರುವಾಯಿತು. ಟ್ರಂಪೆಟ್‌ಗಳು ಎದ್ದವು, ಕ್ಲಾರಿನೆಟ್‌ಗಳು ಕೂಡಿಕೊಂಡವು. ಅಡಿಯಲ್ಲಿ ಮಾತ್ರ ಏನೂ ಇರಲಿಲ್ಲ, ಹಳ್ಳದ ಮೇಲಿನ ಹಲಗೆ ಕಿತ್ತ ಕಾಲುಸಂಕದ ಹಾಗೆ. ಪಲ್ಲಕ್ಕಿ ಹೊತ್ತವರು ಹೆಜ್ಜೆಯಿಡುತ್ತಿದ್ದದ್ದು ಆ ದಪ್ಪ ಸ್ವರದ ಮೇಲೆ ಎನ್ನುವುದು ಅವಳಿಗೆ ಅವರ ಕಾಲುಗಳು ತಪ್ಪಿದಾಗಲೇ ತಿಳಿದದ್ದು. ಒಬ್ಬ ಮುಂದಾದ, ಒಬ್ಬ ತಡೆದ. ಸಂತರ ಕೈಯ ಲಿಲ್ಲಿ ಹೂವು ಓಲಾಡಿತು. ಯಾರೋ "ಮೆಲ್ಲಗೆ, ಮೆಲ್ಲಗೆ" ಎಂದರು.

ಡೆನ್ಜಿಲ್ ಪಲ್ಲಕ್ಕಿಯ ಪಕ್ಕಕ್ಕೆ ಓಡಿದ. ಆಪರೇಷನ್ ಆದ ಕಡೆ ಒಂದು ಕೈ ಒತ್ತಿ ಹಿಡಿದು, ಕೆನ್ನೆ ಉಬ್ಬಿಸಿ, ಟ್ಯೂಬಾದ ಸ್ವರಗಳನ್ನು ಬರಿಬಾಯಿಯಲ್ಲಿ ಹೊರಡಿಸತೊಡಗಿದ. ಅವನ ಕತ್ತಿನ ನರಗಳು ಉಬ್ಬಿದವು.

ಎಮಿಲಿಯಾ ಜನರನ್ನು ದಾಟಿ ಅವನ ತೋಳು ಹಿಡಿದಳು. ಅಷ್ಟು ಹೊತ್ತೂ ಮುಷ್ಟಿಯಲ್ಲಿದ್ದದ್ದನ್ನು ಅವನ ಕೈಗೆ ತುರುಕಿದಳು.

"ಬ್ಯಾಗಿನ ಅಡಿಯಲ್ಲಿ ಇತ್ತು," ಎಂದಳು.

ಡೆನ್ಜಿಲ್ ಮೌತ್‌ಪೀಸನ್ನು ಒಮ್ಮೆ ಬೆರಳುಗಳ ನಡುವೆ ತಿರುಗಿಸಿದ. ಅವಳ ಮುಖ ನೋಡಿದ. ಆಮೇಲೆ ಹಿಂದೆ ತಿರುಗಿ ನೀತಾಳಿಗೆ ಕೊಟ್ಟ.

ನೀತಾ ಅದನ್ನು ಟ್ಯೂಬಾಕ್ಕೆ ಸಿಕ್ಕಿಸಿ, ತುಟಿ ಇಟ್ಟು ತಟ್ಟನೆ ತೆಗೆದಳು. "ಬಿಸಿ ಉಂಟಲ್ಲ ಆಂಟಿ," ಎಂದಳು ಮೆಲ್ಲಗೆ.

"ಹಾಗೇ ಇರ್ಬೇಕು," ಎಂದಳು ಎಮಿಲಿಯಾ. "ಊದು."

ಮೊದಲ ಸ್ವರ ಒಡೆಯಿತು. ಎರಡನೆಯದು ನಿಂತಿತು. ಪಲ್ಲಕ್ಕಿ ಹೊತ್ತವರ ಕಾಲುಗಳು ಒಂದೊಂದಾಗಿ ಕೂಡಿಕೊಂಡವು. ಡೆನ್ಜಿಲ್ ಹಿಂದೆ ಸರಿದು ಎಮಿಲಿಯಾಳ ಪಕ್ಕದಲ್ಲಿ ನಡೆದ. ಅವಳು ಬ್ಯಾಗಿನಲ್ಲಿದ್ದ ಖಾಲಿ ಕರ್ಚೀಫನ್ನು ಮಡಚಿಟ್ಟಳು. ಅಂಗೈಯಲ್ಲಿ ದುಂಡನೆಯ ಕೆಂಪು ಗುರುತು ಇನ್ನೂ ಎದ್ದು ಕಾಣುತ್ತಿತ್ತು. ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಅವಳು ಹೆಜ್ಜೆ ಹಾಕಿದಳು.