ಅಳಿಯನಿಗಿಲ್ಲದ ವೋಟು

ಕೇಥೆಗೆ ಜ್ವರ ಬಂದದ್ದೇ ಎಡವಟ್ಟಾಯಿತು. ಇಲ್ಲದಿದ್ದರೆ ಕಣ್ಣಿಲ್ಲದ ಅಪ್ಪನನ್ನು ಮತಗಟ್ಟೆಗೆ ಅವಳೇ ಕರೆದೊಯ್ಯುತ್ತಿದ್ದಳು, ಗಂಡ ಅರ್ನೋಲ್ಡ್ ಏನೋ ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಯುದ್ಧ ಮುಗಿದ ಮೇಲೆ ಹ್ಯಾಂಬರ್ಗಿನಲ್ಲಿ ಇದೇ ಮೊದಲ ಚುನಾವಣೆ; ಹಿಟ್ಲರನ ಪಕ್ಷ ಸೇರಿದ್ದವರಿಗೆ ವೋಟಿಲ್ಲ. ಅರ್ನೋಲ್ಡ್ ಸೇರಿದ್ದ, ಗ್ಯಾಸ್ ಕಾರ್ಖಾನೆಯ ಕೆಲಸದ ಆಸೆಗೆ. ಮಾವ ಹಿನ್ರಿಶನನ್ನು ಜೈಲಿಗೆ ನೂಕಿ ಕಣ್ಣು ಹೋಗುವಂತೆ ಬಡಿದವರೂ ಅದೇ ಪಕ್ಷದವರು! ಗಂಡ ಹೆಂಡತಿ ಈ ಸಂಗತಿಯನ್ನು ಮುದುಕನಿಂದ ಇಷ್ಟು ವರ್ಷ ಮುಚ್ಚಿಟ್ಟಿದ್ದರು.

ಮುದುಕನ ಕಾಲಲ್ಲೂ ದೂರ ನಡೆಯುವ ಬಲವಿರಲಿಲ್ಲ. ಉರುಳಿದ ಮನೆಗಳ ನಡುವೆ ಅರ್ನೋಲ್ಡ್ ಅವನನ್ನು ಉಪ್ಪುಮೂಟೆ ಹೊತ್ತು ನಡೆದ. ಮುದುಕನಿಗೋ ಹಬ್ಬದ ಸಡಗರ.

"ಒಬ್ಬೊಬ್ಬರಿಗೆ ನಾಲ್ಕು ವೋಟಂತೆ ಕಣೋ! ನಾಲ್ಕೂ ನಮ್ಮವರಿಗೇ. ನೀನೂ ತಾನೆ?"

"ಹೂಂ ಮಾವ."

"ಕೇಥೆ ನಿನ್ನ ಕರ್ಕೊಂಡು ಬಂದಾಗ, ಇದ್ಯಾವ ನರಪೇತಲ ಅಂದಿದ್ದೆ. ಈಗ ನೋಡು, ನನ್ನನ್ನೇ ಹೊರ್ತಿದ್ದೀಯ!"

ಅರ್ನೋಲ್ಡ್ ಅವನನ್ನು ಬೆನ್ನ ಮೇಲೆ ಇನ್ನಷ್ಟು ಮೇಲಕ್ಕೆ ಸರಿಸಿಕೊಂಡು ನಡೆದ.

ಶಾಲೆಯ ಕೋಣೆಯಲ್ಲಿ ಮೇಜಿನ ಹಿಂದೆ ಕೂತಿದ್ದ ಹೆಂಗಸು, "ಗುರುತು ಹಾಕೋಕೆ ನಂಬಿಕಸ್ಥರು ಯಾರಾದ್ರೂ ಜೊತೆಗೆ ಬರಬಹುದು ತಾತ," ಎಂದಳು.

"ಇದ್ದಾನಲ್ಲಮ್ಮ ನಮ್ಮ ಅಳಿಯ!"

"ಆದ್ರೆ ಅವರೂ ಮತದಾರರಾಗಿರಬೇಕು. ನಿಮ್ಮ ಚೀಟಿ ಕೊಡಿ."

"ಮನೇಲಿ ಮರೆತೆ," ಎಂದ ಅರ್ನೋಲ್ಡ್.

"ಪರವಾಗಿಲ್ಲ, ಹೆಸರು ಹೇಳಿ, ನೋಡ್ತೀನಿ."

ಹೆಸರು ಹೇಳಲು ಮುದುಕನೇ ಬಾಯಿ ತೆರೆದ. ಅರ್ನೋಲ್ಡ್ ತಡೆದ. "ಬೇಡಮ್ಮ. ನನಗೆ ವೋಟಿಲ್ಲ."

"ಯಾಕಿಲ್ಲ?" ಎಂದು ಕೇಳಿದವನು ಮಾವ. ಸಾಲಿನಲ್ಲಿದ್ದವರೆಲ್ಲ ಇತ್ತಲೇ ನೋಡುತ್ತಿದ್ದರು.

"ಅವರ ಪಕ್ಷದಲ್ಲಿದ್ದೆ ಮಾವ. ಕೆಲಸ ಹೋಗ್ತಿತ್ತು..."

ಮುದುಕ ಅಳಿಯನ ತೋಳು ಹಿಡಿದಿದ್ದ ಕೈ ಬಿಟ್ಟ. "ಕೇಥೆಗೆ ಗೊತ್ತಾ?"

"ಗೊತ್ತು."

ಸಾಲಿನಲ್ಲಿದ್ದ ಯಾರೋ ಅಪರಿಚಿತ ಹೆಂಗಸು ತಾನಾಗಿ ಬಂದು ಮುದುಕನ ತೋಳು ಹಿಡಿದು ಒಳಗೆ ಕರೆದೊಯ್ದಳು. ಅರ್ನೋಲ್ಡ್ ಬಾಗಿಲ ಬಳಿ ನಿಂತ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಹಿಂದಿರುಗುವಾಗ ಮಾವ ಬೆನ್ನ ಮೇಲೆ ಕೂತ, ಬೇರೆ ಗತಿಯಿರಲಿಲ್ಲ. ಬೈದನೇ? ಇಲ್ಲ. ಒಂದು ಮಾತೂ ಆಡಲಿಲ್ಲ. ಬೈದುಬಿಡಲಿ, ಉಗಿದುಬಿಡಲಿ ಎಂದು ಅರ್ನೋಲ್ಡ್ ದಾರಿಯುದ್ದಕ್ಕೂ ಹಂಬಲಿಸಿದ.

ಬಾಗಿಲು ತೆರೆದದ್ದೇ ತಡ, ಹಾಸಿಗೆಯಿಂದ ಕೇಥೆ ಕೂಗಿದಳು: "ಆಯ್ತಾ ಅಪ್ಪ? ಇವರೂ ಹಾಕಿದ್ರಾ?"

ಎಷ್ಟು ಸಲೀಸಾಗಿ ಕೇಳಿದಳು! ಅರ್ನೋಲ್ಡ್ ಮಾವನನ್ನು ಹಾಸಿಗೆಯ ಬಳಿ ಇಳಿಸಿದ. ಜೈಲಿನಲ್ಲಿ ಬಡಿದಾಗಲೂ ಒಂದು ಸುಳ್ಳು ಹೇಳದ ಮುದುಕ, ತಡವರಿಸುತ್ತ ಮಗಳ ಹಣೆ ಮುಟ್ಟಿ ಜ್ವರ ನೋಡಿದ.

"ಹಾಕಿದ ಮಗಳೇ," ಎಂದ. "ನೀನು ಮಲಗು."